ಅಪಘಾತದಲ್ಲಿ ತಪ್ಪು ಯಾರದು? ತೋರಿಸುವುದು ಹೇಗೆ?

ಹೀಗೊಂದು ಸಂಗತಿ ನಡೆಯಿತು ಅಂತ ತಿಳಕೊಳ್ಳೋಣ.

ಕಬ್ಬಿನ ಹಂಗಾಮು. ಜನವರಿ ತಿಂಗಳ ಚಳಿ. ರಾತ್ರಿ ಒಂಬತ್ತು ಗಂಟೆ. ಒಬ್ಬ ತರುಣ ಸೊಲ್ಲಾಪುರದ ಪವರ್‌ಲೂಮಿನಲ್ಲಿ ಕೆಲಸ ಮುಗಿಸಿದ್ದಾನೆ. ಬೈಕಿನ ಮೇಲೆ ಅಕ್ಕಲಕೋಟ ದಾಟಿ ಮೈಂದರ್ಗಿ ಕಡೆಯ ತನ್ನ ಹಳ್ಳಿಗೆ ಹೊರಟಿದ್ದಾನೆ. ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರು ನಿಂತಿದೆ. ಅದಕ್ಕೆ ಎರಡು ಟ್ರೇಲರು. ಹಿಂದಿನ ಟ್ರೇಲರಿನ ಗಾಲಿ ಪಂಕ್ಚರ್ ಆಗಿದೆ. ಡ್ರೈವರು ಗಾಡಿಯನ್ನು ರಸ್ತೆಯ ಮೇಲೇ ಬಿಟ್ಟು ಪಂಕ್ಚರ್ ತೆಗೆಯುವವನನ್ನು ಹುಡುಕಲು ಹೋಗಿದ್ದಾನೆ. ಟ್ರೇಲರಿನ ಹಿಂದೆ ಕೆಂಪು ದೀಪ ಇಲ್ಲ. ಹೊಳೆಯುವ ಪಟ್ಟಿ ಇಲ್ಲ. ಎದುರಿಗೆ ಒಂದು ಲಾರಿ ಬಂತು. ಅದರ ಬೆಳಕು ಕಣ್ಣಿಗೆ ಹೊಡೆಯಿತು. ಬೈಕು ಹೋಗಿ ಟ್ರೇಲರಿಗೆ ಗುದ್ದಿತು. ತರುಣ ಅಲ್ಲೇ ತೀರಿಕೊಂಡ.

ಮರುದಿನ ಮಣ್ಣಿಗೆ ಬಂದ ಜನ ಮಾತಾಡಿಕೊಂಡರು. "ಹಿಂದಿನಿಂದ ಹೋಗಿ ಗುದ್ದಿದಾಂವ ಅಂವಾನೇ. ನಿಂತ ಗಾಡೀದು ಏನ್ ತಪ್ಪು? ಕೇಸ್ ಹಾಕಿದ್ರ ಏನೂ ಸಿಗೂದಿಲ್ಲ." ಟ್ರ್ಯಾಕ್ಟರ್ ಮಾಲೀಕ ನಾಲ್ಕು ಜನ ಹಿರಿಯರನ್ನು ಕರಕೊಂಡು ಬಂದ. "ಮಣ್ಣಿನ ಖರ್ಚಿಗೆ ಇಪ್ಪತ್ತು ಸಾವಿರ ಇಟ್ಕೋರಿ. ಈ ಕಾಗದದ ಮ್ಯಾಲ ಒಂದ್ ಸಹಿ ಮಾಡ್ರಿ" ಅಂದ. ಮನೆಯಲ್ಲಿ ಬೀಡಿ ಕಟ್ಟುವ ಹೆಂಡತಿ ಇದ್ದಾಳೆ. ಎರಡು ಸಣ್ಣ ಮಕ್ಕಳು. ವಯಸ್ಸಾದ ಅತ್ತೆ.

ಆ ಹೆಣ್ಣುಮಗಳು ಸಹಿ ಮಾಡಬೇಕೇ? ಮಾಡಬಾರದು. ಯಾಕೆ ಅಂತ ಈಗ ನೋಡೋಣ.

ನಿಷ್ಕಾಳಜಿ ಅಂದರೆ ಏನು?

ಅಪಘಾತದ ಪರಿಹಾರ ಬೇಕಾದರೆ ಒಂದು ಮಾತು ತೋರಿಸಬೇಕು. ಎದುರು ಗಾಡಿಯ ಡ್ರೈವರನ ನಿಷ್ಕಾಳಜಿಯಿಂದ ಅಪಘಾತ ಆಯಿತು ಅಂತ ತೋರಿಸಬೇಕು. ಕನ್ನಡದ ಕೋರ್ಟು ಕಾಗದಗಳಲ್ಲಿ ಇದಕ್ಕೆ 'ನಿರ್ಲಕ್ಷ್ಯ', 'ಅಜಾಗರೂಕತೆ' ಅಂತ ಬರೆಯುತ್ತಾರೆ. ನಮ್ಮ ಕಡೆ ಪೊಲೀಸರ ಕಾಗದ ಮರಾಠಿಯಲ್ಲಿ ಇರುತ್ತದೆ. ಅದರಲ್ಲಿ 'ಹಯಗಯ', 'ನಿಷ್ಕಾಳಜೀಪಣಾ' ಅನ್ನುವ ಮಾತು ಬರುತ್ತವೆ. ಬಹಳ ಜೋರಾಗಿ ಓಡಿಸಿದ್ದರೆ 'ಭರಧಾವ' ಅಂತ ಬರೆಯುತ್ತಾರೆ. ಈ ಮಾತುಗಳನ್ನು ಗುರುತು ಇಟ್ಟುಕೊಳ್ಳಿ.

ನಿಷ್ಕಾಳಜಿ ಅಂದರೆ ಬೇಕಂತ ಮಾಡಿದ ತಪ್ಪು ಅಲ್ಲ. ಶಾಣ್ಯಾ ಡ್ರೈವರು ಎಷ್ಟು ಕಾಳಜಿ ಮಾಡುತ್ತಿದ್ದನೋ ಅಷ್ಟು ಮಾಡದೆ ಇರುವುದು. ಜೋರಾಗಿ ಓಡಿಸುವುದು ಮಾತ್ರ ನಿಷ್ಕಾಳಜಿ ಅಂತ ಜನ ತಿಳಿಯುತ್ತಾರೆ. ಅದು ಹಾಗಲ್ಲ. ನಿಂತ ಗಾಡಿಯಲ್ಲೂ ನಿಷ್ಕಾಳಜಿ ಇರುತ್ತದೆ. ಬೇರೆಯವರಿಗೆ ಅಪಾಯ ಆಗುವ ಹಾಗೆ ಗಾಡಿಯನ್ನು ರಸ್ತೆಯಲ್ಲಿ ಬಿಟ್ಟು ಹೋಗಬಾರದು. ಮೋಟಾರು ವಾಹನ ಕಾಯ್ದೆಯ 122ನೇ ಕಲಮು ಇದನ್ನೇ ಹೇಳುತ್ತದೆ. ರಾತ್ರಿ ನಿಂತ ಗಾಡಿ ಹಿಂದಿನಿಂದ ಬರುವವರಿಗೆ ಕಾಣಬೇಕು.

ಇಂಥದ್ದೇ ಒಂದು ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ರಾತ್ರಿ ಹೊತ್ತು ಗ್ಯಾಸ್ ಟ್ಯಾಂಕರೊಂದು ರಸ್ತೆಯ ನಡುವೆ ನಿಂತಿತ್ತು. ದೀಪ ಇರಲಿಲ್ಲ. ಕಾರೊಂದು ಹಿಂದಿನಿಂದ ಹೋಗಿ ಗುದ್ದಿತು. ಹೈಕೋರ್ಟು ಕಾರಿನವನದೂ ಅರ್ಧ ತಪ್ಪು ಇದೆ ಎಂದಿತ್ತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ತಪ್ಪು ಟ್ಯಾಂಕರಿನದೇ ಎಂದಿತು. ಆದ್ದರಿಂದ ಹಿಂದಿನಿಂದ ಗುದ್ದಿದವನದೇ ತಪ್ಪು ಅನ್ನುವುದು ಕಟ್ಟೆಯ ಮೇಲಿನ ಮಾತು. ಅದು ಕಾನೂನಿನ ಮಾತು ಅಲ್ಲ.

ಎರಡು ಕೇಸು, ಎರಡು ತಕ್ಕಡಿ

ಒಂದು ಅಪಘಾತದಿಂದ ಎರಡು ಕೇಸು ಹುಟ್ಟುತ್ತವೆ. ಇದನ್ನು ಬೇರೆ ಬೇರೆ ಮಾಡಿ ತಿಳಿಯುವುದು ಬಹಳ ಮುಖ್ಯ.

ಮೊದಲನೆಯದು ಫೌಜದಾರಿ ಕೇಸು. ಇದನ್ನು ಸರಕಾರ ಡ್ರೈವರನ ಮೇಲೆ ನಡೆಸುತ್ತದೆ. ಡ್ರೈವರನಿಗೆ ಶಿಕ್ಷೆ ಆಗಬೇಕೋ ಬೇಡವೋ ಅನ್ನುವುದು ಅಲ್ಲಿಯ ಪ್ರಶ್ನೆ. ಒಬ್ಬನನ್ನು ಜೈಲಿಗೆ ಕಳಿಸುವ ಮಾತು. ಆದ್ದರಿಂದ ಅಲ್ಲಿ ಅನುಮಾನಕ್ಕೆ ಜಾಗ ಇಲ್ಲದ ಹಾಗೆ ಸಾಬೀತು ಆಗಬೇಕು. ಸ್ವಲ್ಪ ಅನುಮಾನ ಉಳಿದರೂ ಡ್ರೈವರು ಬಿಡುಗಡೆ ಆಗುತ್ತಾನೆ.

ಎರಡನೆಯದು ಪರಿಹಾರದ ಕೇಸು. ಇದನ್ನು ನೀವು ಹಾಕಬೇಕು. ಡ್ರೈವರು, ಮಾಲೀಕ, ವಿಮಾ ಕಂಪನಿ, ಮೂವರ ಮೇಲೂ ಹಾಕಬೇಕು. ಇದು ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ನಡೆಯುತ್ತದೆ. ಜನ ಕ್ಲೇಮ್ ಕೋರ್ಟು ಅನ್ನುತ್ತಾರೆ. ಇಲ್ಲಿ ಅಷ್ಟು ಬಿಗಿಯಾದ ಸಾಬೀತು ಬೇಡ. ಸಂತೆಯ ತಕ್ಕಡಿ ನೆನಪು ಮಾಡಿಕೊಳ್ಳಿ. ಎರಡೂ ಕಡೆಯ ಮಾತು ಹಾಕಿದಾಗ ಯಾವ ತಟ್ಟೆ ಕೆಳಗೆ ಬಾಗುತ್ತದೋ ಅವರ ಮಾತು ನಿಲ್ಲುತ್ತದೆ. ಕೂದಲೆಳೆಯಷ್ಟು ಬಾಗಿದರೂ ಸಾಕು. 2009ರಲ್ಲಿ, 2018ರಲ್ಲಿ, ಮತ್ತೆ ಮತ್ತೆ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. ಮನೆಯ ಯಜಮಾನನನ್ನು ಕಳಕೊಂಡವರಿಂದ ಇಂಚಿಂಚು ಲೆಕ್ಕ ಕೇಳಬಾರದು ಅನ್ನುವುದು ಅದರ ಅರ್ಥ.

ಹಾಗಾದರೆ ಫೌಜದಾರಿ ಕೇಸಿನಲ್ಲಿ ಡ್ರೈವರು ಬಿಡುಗಡೆ ಆದರೆ ನಮ್ಮ ಪರಿಹಾರ ಹೋಯಿತೇ? ಇಲ್ಲ. 1980ರ ಒಂದು ಕೇಸು ಕೇಳಿ. ರಸ್ತೆಗೆ ಅಡ್ಡವಾಗಿ ಕರೆಂಟಿನ ತಂತಿ ಜೋತು ಬಿದ್ದಿತ್ತು. ಬಸ್ಸಿನ ಒಳಗಿನ ಜನ "ತಂತಿ! ತಂತಿ!" ಅಂತ ಕೂಗಿದರು. ಡ್ರೈವರು ಕೇಳದೆ ಬಸ್ಸು ನುಗ್ಗಿಸಿದ. ಕೆಲವರು ಸತ್ತರು. ಹಲವರು ಕೈಕಾಲು ಕಳಕೊಂಡರು. ಫೌಜದಾರಿ ಕೋರ್ಟು ಇದು ದೇವರ ಆಟ ಎಂದು ಡ್ರೈವರನನ್ನು ಬಿಟ್ಟಿತ್ತು. ಆದರೆ ಕ್ಲೇಮ್ ಕೋರ್ಟು ಪರಿಹಾರ ಕೊಟ್ಟಿತು. ಬಸ್ಸಿನವರು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಕ್ಲೇಮ್ ಕೋರ್ಟಿನ ಮಾತನ್ನೇ ಎತ್ತಿ ಹಿಡಿದರು. ಶಿಕ್ಷೆಯ ತಕ್ಕಡಿ ಬೇರೆ, ಪರಿಹಾರದ ತಕ್ಕಡಿ ಬೇರೆ.

ನೋಡಿದವರು ಯಾರೂ ಇಲ್ಲದಿದ್ದರೆ?

ಕಣ್ಣಾರೆ ಕಂಡ ಸಾಕ್ಷಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ರಸ್ತೆಯೇ ಸಾಕ್ಷಿ. ಗಾಜಿನ ಚೂರು ಎಲ್ಲಿ ಬಿದ್ದಿವೆ? ಬ್ರೇಕ್ ಹಾಕಿದ ಗುರುತು ಎಲ್ಲಿಂದ ಎಲ್ಲಿವರೆಗೆ ಇದೆ? ಗಾಡಿ ಡಾಂಬರಿನ ಮೇಲೆ ಎಷ್ಟು, ಮಣ್ಣಿನ ಮೇಲೆ ಎಷ್ಟು ನಿಂತಿತ್ತು? ಇವು ಹೇಳುವ ಮಾತು ಡ್ರೈವರನ ಮಾತಿಗಿಂತ ನಂಬಿಕೆಯದು.

ಕೆಲವು ಅಪಘಾತಗಳಲ್ಲಿ ಬೇರೆ ಸಾಕ್ಷಿಯೇ ಬೇಡ. 1977ರ ಒಂದು ಕೇಸಿನಲ್ಲಿ ಕಾರು ರಸ್ತೆ ಬಿಟ್ಟು ಹೋಗಿ ಮರಕ್ಕೆ ಗುದ್ದಿತ್ತು. ಕಾರಿನಲ್ಲಿದ್ದವರು ಸತ್ತರು. ಹೆಂಡತಿ ಮಕ್ಕಳು ಪರಿಹಾರ ಕೇಳಿದರು. ಸುಪ್ರೀಂ ಕೋರ್ಟು ಏನು ಹೇಳಿತು? ಕಾಳಜಿಯಿಂದ ಓಡಿಸಿದರೆ ಕಾರು ರಸ್ತೆ ಬಿಟ್ಟು ಮರಕ್ಕೆ ಹೋಗುವುದಿಲ್ಲ. ನಡೆದದ್ದೇ ತಪ್ಪನ್ನು ಹೇಳುತ್ತದೆ. ತಪ್ಪು ಇಲ್ಲ ಅಂತ ತೋರಿಸುವ ಹೊರೆ ಈಗ ಗಾಡಿಯವರ ಮೇಲಿದೆ. ಹೀಗೆ ಹೇಳಿತು. ಮನೆಗೆ ನುಗ್ಗಿದ ಲಾರಿ, ರಸ್ತೆಯ ಬದಿ ನಡೆಯುತ್ತಿದ್ದವರ ಮೇಲೆ ಹರಿದ ಜೀಪು, ತಾನೇ ಪಲ್ಟಿ ಹೊಡೆದ ಟೆಂಪೋ, ಇವೆಲ್ಲ ಇಂಥವೇ.

ಆದರೆ ರಸ್ತೆಯ ಸಾಕ್ಷಿ ಬಹಳ ಹೊತ್ತು ಇರುವುದಿಲ್ಲ. ಬೆಳಗಾಗುವುದರಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ಸೇರುತ್ತದೆ. ಗಾಜು ಜನರ ಕಾಲಿಗೆ ಸಿಕ್ಕಿ ಚದುರುತ್ತದೆ. ಟ್ರೇಲರಿಗೆ ಹೊಸ ಕೆಂಪು ಪಟ್ಟಿ ಅಂಟಿಸುತ್ತಾರೆ. ಮನೆಯವರು ಆಗ ಆಸ್ಪತ್ರೆಯಲ್ಲಿ ಅಳುತ್ತಾ ಇರುತ್ತಾರೆ. ಆದ್ದರಿಂದ ಮನೆಯವರಲ್ಲದ ಒಬ್ಬರು, ಓಣಿಯವರೋ ದೋಸ್ತರೋ, ಆ ಜಾಗಕ್ಕೆ ತಕ್ಷಣ ಹೋಗಬೇಕು. ಇವತ್ತು ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಗಾಡಿ ತೆಗೆಯುವ ಮೊದಲು ಫೋಟೋ ತೆಗೆಯಿರಿ. ಹತ್ತಿರದಿಂದ ಒಂದು, ದೂರದಿಂದ ಒಂದು. ರಸ್ತೆಯ ಎರಡೂ ಅಂಚು ಕಾಣಬೇಕು. ಹಿಂದೆ ದೀಪ ಇಲ್ಲದ್ದು ಕಾಣಬೇಕು. ಟ್ರ್ಯಾಕ್ಟರಿನ ನಂಬರು ಬೇರೆ, ಟ್ರೇಲರಿನ ನಂಬರು ಬೇರೆ. ಎಲ್ಲ ನಂಬರೂ ಬರಬೇಕು. ಟ್ರೇಲರಿಗೆ ನಂಬರೇ ಇಲ್ಲದಿದ್ದರೆ ಆ ಬರಿ ಪಾಟಿಯ ಫೋಟೋನೂ ತೆಗೆಯಿರಿ. ಆ ಫೋಟೋ ಇರುವ ಮೊಬೈಲನ್ನು ಮಾರಬೇಡಿ, ಫೋಟೋ ಅಳಿಸಬೇಡಿ. ಮುಂದೆ ಕೋರ್ಟಿನಲ್ಲಿ ಮೂಲ ಫೋಟೋ ಕೇಳುತ್ತಾರೆ.

ಹತ್ತಿರದ ಢಾಬಾದಲ್ಲೋ ಪೆಟ್ರೋಲ್ ಪಂಪಿನಲ್ಲೋ ಕ್ಯಾಮೆರಾ ಇದೆಯೇ ನೋಡಿ. ಅದರಲ್ಲಿ ಹಳೆಯ ಚಿತ್ರ ಕೆಲವೇ ದಿನ ಉಳಿಯುತ್ತದೆ. ಆಮೇಲೆ ತಾನಾಗಿ ಅಳಿಯುತ್ತದೆ. ಅದನ್ನು ವಶಕ್ಕೆ ತೆಗೆದುಕೊಳ್ಳಿರಿ ಅಂತ ಪೊಲೀಸರಿಗೆ ಬರೆದು ಕೊಡಿ. ಬಾಯಿಮಾತು ಸಾಲದು. ಇನ್ನೊಂದು ಸಂಗತಿ ಬಹಳ ಜನಕ್ಕೆ ಹೊಳೆಯುವುದಿಲ್ಲ. ಕಬ್ಬಿನ ಗಾಡಿ ಕಾರ್ಖಾನೆಯ ಕಾಟಾ ಮೇಲೆ ತೂಗುತ್ತದೆ. ಕಾಟಾ ಚೀಟಿಯಲ್ಲಿ ಗಾಡಿಯ ಲೆಕ್ಕ, ತಾರೀಖು ಇರುತ್ತದೆ. ಮಾಲೀಕ "ನನ್ನ ಟ್ರ್ಯಾಕ್ಟರ್ ಅವತ್ತು ಆ ದಾರೀಲಿ ಹೋಗೇ ಇಲ್ಲ" ಅಂದರೆ ಆ ಚೀಟಿ ಮಾತಾಡುತ್ತದೆ.

ಗಾಯಾಳುವನ್ನು ಎತ್ತಿದವರು, ನೀರು ಕೊಟ್ಟವರು, ಇವರ ಹೆಸರು ಫೋನ್ ನಂಬರ್ ಕೇಳಿಟ್ಟುಕೊಳ್ಳಿ. ಒತ್ತಾಯ ಮಾಡಬೇಡಿ. ನೆರವು ಮಾಡಿದವರನ್ನು ಸಾಕ್ಷಿ ಹೇಳು ಅಂತ ಪೊಲೀಸರೂ ಒತ್ತಾಯಿಸುವ ಹಾಗಿಲ್ಲ ಎಂದು ಈಗ ಕಾಯ್ದೆ ಇದೆ. ಕೈಮುಗಿದು ಕೇಳಿದರೆ ಬರುವವರು ಬಂದೇ ಬರುತ್ತಾರೆ.

ಠಾಣೆಯಲ್ಲಿ, ಆಸ್ಪತ್ರೆಯಲ್ಲಿ

ಫಿರ್ಯಾದಿ ಕೊಡುವಾಗ ಕಂಡದ್ದನ್ನು ಹೇಳಿ. ಗಾಡಿ ಎಲ್ಲಿ ನಿಂತಿತ್ತು, ದೀಪ ಇತ್ತೇ, ಯಾವ ಗಾಡಿ ಯಾವ ಕಡೆಯಿಂದ ಬಂತು, ಇದನ್ನು ಬರೆಸಿ. ಬರೆದದ್ದನ್ನು ಓದಿ ಹೇಳಿರಿ ಅಂತ ಕೇಳಿ. ಓದಿ ಹೇಳುವುದು ಅವರ ಕರ್ತವ್ಯ. ಮರಾಠಿ ಬರದಿದ್ದರೆ ಬಲ್ಲವರನ್ನು ಜೊತೆಗೆ ಕರಕೊಂಡು ಹೋಗಿ. ತಿಳಿಯದ ಕಾಗದಕ್ಕೆ ಹೆಬ್ಬೆಟ್ಟೂ ಬೇಡ, ಸಹಿಯೂ ಬೇಡ. ಎಫ್‌ಐಆರ್ ಪ್ರತಿಯನ್ನು ಫಿರ್ಯಾದಿ ಕೊಟ್ಟವರಿಗೆ ಪುಕ್ಕಟೆ ಕೊಡಬೇಕು.

ಆಸ್ಪತ್ರೆ, ಅಂತ್ಯಕ್ರಿಯೆ ಅಂತ ಎರಡು ಮೂರು ದಿನ ತಡವಾದರೆ ಹೆದರಬೇಡಿ. ತಡ ಆದ ಒಂದೇ ಕಾರಣಕ್ಕೆ ಪರಿಹಾರದ ಕೇಸು ಬಿದ್ದುಹೋಗುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ತಡ ಯಾಕೆ ಆಯಿತು ಅಂತ ಮಾತ್ರ ಬರೆಸಿರಿ.

ಪೊಲೀಸರು ಸ್ಥಳದ ಪಂಚನಾಮೆ ಮಾಡುತ್ತಾರೆ. ಕರ್ನಾಟಕದ ಕಡೆ ಇದಕ್ಕೆ ಮಹಜರು ಅನ್ನುತ್ತಾರೆ. ಜಾಗದ ನಕಾಶೆ ಬರೆಯುತ್ತಾರೆ. ಆರ್‌ಟಿಓ ಕಡೆಯವರು ಗಾಡಿ ನೋಡಿ ಬ್ರೇಕು ದೀಪ ಸರಿ ಇದ್ದವೇ ಅಂತ ವರದಿ ಕೊಡುತ್ತಾರೆ. ನಮ್ಮ ಕಬ್ಬಿನ ಗಾಡಿಯ ಕೇಸಿನಲ್ಲಿ ಈ ವರದಿ ಮತ್ತು ಪಂಚನಾಮೆ ಅರ್ಧ ಕೇಸು ಇದ್ದ ಹಾಗೆ. ತನಿಖೆಯ ಕೊನೆಗೆ ಡ್ರೈವರನ ಮೇಲೆ ಚಾರ್ಜ್‌ಶೀಟ್ ಹಾಕಿದರೆ ಕ್ಲೇಮ್ ಕೋರ್ಟಿನಲ್ಲಿ ಅದಕ್ಕೆ ದೊಡ್ಡ ಬೆಲೆ ಇದೆ.

ಒಂದೊಂದು ಸಲ ಸತ್ತವನ ಮೇಲೆಯೇ ಎಫ್‌ಐಆರ್ ಆಗುತ್ತದೆ! 'ತಾನೇ ಹೋಗಿ ಗುದ್ದಿದ' ಅಂತ. ಟ್ರ್ಯಾಕ್ಟರಿನವನು ಮೊದಲು ಠಾಣೆಗೆ ಹೋಗಿ ತನ್ನ ಕಥೆ ಬರೆಸಿರುತ್ತಾನೆ. ಆಗ ಎದೆಗುಂದಬೇಡಿ. ಎಫ್‌ಐಆರ್ ಅಂದರೆ ಮೊದಲ ಮಾತು, ಕೊನೆಯ ಮಾತಲ್ಲ. ನಿಮ್ಮ ಹೇಳಿಕೆಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ. ಕ್ಲೇಮ್ ಕೋರ್ಟು ಎಲ್ಲ ಕಾಗದ ನೋಡಿ ತನ್ನ ತೀರ್ಮಾನ ತಾನೇ ಮಾಡುತ್ತದೆ.

ಗಾಯಾಳು ಬದುಕಿದ್ದರೆ ಆಸ್ಪತ್ರೆಯಲ್ಲಿ ಎಚ್ಚರ ಬೇಕು. ಡಾಕ್ಟರು "ಏನಾಯ್ತು?" ಅಂತ ಕೇಳುತ್ತಾರೆ. ಗಾಬರಿಯಲ್ಲಿದ್ದ ಅಣ್ಣನೋ ತಮ್ಮನೋ "ಗಾಡಿ ಮ್ಯಾಲಿಂದ ಬಿದ್ದಾರಿ" ಅಂದುಬಿಡುತ್ತಾನೆ. ಡಾಕ್ಟರು ಅದನ್ನೇ ಬರೆಯುತ್ತಾರೆ. ಎರಡು ವರ್ಷದ ಮೇಲೆ ವಿಮಾ ಕಂಪನಿಯ ವಕೀಲರು ಆ ಒಂದು ಸಾಲು ಹಿಡಿದು "ಇದು ಬೇರೆ ಗಾಡಿಯ ಅಪಘಾತವೇ ಅಲ್ಲ, ತಾನೇ ಬಿದ್ದದ್ದು" ಅನ್ನುತ್ತಾರೆ. ನಿಜವಾದ ಎಷ್ಟೋ ಕೇಸು ಈ ಒಂದು ಸಾಲಿನಿಂದ ಸೊರಗುತ್ತವೆ. ಆದ್ದರಿಂದ ಮೊದಲ ಸಲವೇ ಸರಿಯಾಗಿ ಹೇಳ್ರಿ. "ದೀಪ ಇಲ್ಲದ ಟ್ರೇಲರಿಗೆ ಬೈಕು ಬಡಿತು", "ಹಿಂದಿನಿಂದ ಜೀಪು ಗುದ್ದಿತು", ಹೀಗೆ. ಗಾಡಿಯ ನಂಬರು ಗೊತ್ತಿದ್ದರೆ ಅದನ್ನೂ ಹೇಳಿ.

ಇದರ ಜೊತೆಗೇ ಇನ್ನೊಂದು ಮಾತು. ಗುದ್ದಿದ ಗಾಡಿಗೆ ವಿಮೆ ಇಲ್ಲ, ಆದ್ದರಿಂದ ವಿಮೆ ಇರುವ ಬೇರೆ ಗಾಡಿ ತೋರಿಸೋಣ ಅನ್ನುವ ಏಜೆಂಟರು ಬರುತ್ತಾರೆ. ಅವರನ್ನು ಹೊಸ್ತಿಲ ಒಳಗೆ ಬಿಡಬೇಡಿ. ಸುಳ್ಳು ಹೊರಗೆ ಬಿದ್ದರೆ ಪರಿಹಾರವೂ ಹೋಗುತ್ತದೆ, ನಿಮ್ಮ ಮೇಲೆ ಕೇಸೂ ಆಗುತ್ತದೆ.

ನಮ್ಮವರದೂ ಸ್ವಲ್ಪ ತಪ್ಪು ಇದ್ದರೆ?

ಇದ್ದರೆ ಪರಿಹಾರ ಪೂರ್ತಿ ಹೋಗುವುದಿಲ್ಲ. ಅಷ್ಟು ಪಾಲು ಕಡಿಮೆ ಆಗುತ್ತದೆ. 10 ಲಕ್ಷ ಪರಿಹಾರ ಲೆಕ್ಕ ಆಯಿತು, ನಮ್ಮವನ ತಪ್ಪು ನೂರಕ್ಕೆ 30 ಅಂತ ಕೋರ್ಟು ಹೇಳಿತು ಅನ್ನಿ. ಆಗ 7 ಲಕ್ಷ ಬರುತ್ತದೆ. ವಿಮಾ ಕಂಪನಿಯ ವಕೀಲರು ಈ ಪಾಲನ್ನು ಹೆಚ್ಚು ಮಾಡಲು ನೋಡುತ್ತಾರೆ. "ಲೈಸೆನ್ಸ್ ಇತ್ತಾ? ಬೈಕಿನ ಮೇಲೆ ಮೂರು ಜನ ಇದ್ರಾ?" ಅಂತ ಕೇಳುತ್ತಾರೆ. ಲೈಸೆನ್ಸ್ ಇಲ್ಲದೆ ಓಡಿಸುವುದು, ಮೂರು ಜನ ಕೂಡುವುದು ಕಾನೂನಿಗೆ ವಿರುದ್ಧ ನಿಜ. ಅದಕ್ಕೆ ದಂಡ ಬೇರೆ ಇದೆ. ಆದರೆ ಪ್ರಶ್ನೆ ಬೇರೆ. ಅದರಿಂದಲೇ ಅಪಘಾತ ಆಯಿತೇ? ಲೈಸೆನ್ಸ್ ಇಲ್ಲ ಅಂದ ಮಾತ್ರಕ್ಕೆ ಅಪಘಾತದ ತಪ್ಪು ಅವನದಾಗುವುದಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2020ರ ಕೇಸಿನಲ್ಲಿ ಮೂರು ಜನ ಇದ್ದ ಬೈಕಿಗೆ ಹಿಂದಿನಿಂದ ಕಾರು ಗುದ್ದಿತ್ತು. ಮೂವರು ಕೂತಿದ್ದರಿಂದ ಕಾರು ಬಂದು ಗುದ್ದಿತೇ ಎಂದು ಕೋರ್ಟು ಯೋಚಿಸಿತು. ಕಡಿತ ಮಾಡಿದ್ದನ್ನು ತೆಗೆದುಹಾಕಿತು.

ಹಿಂದೆ ಕೂತವರು, ಬಸ್ಸಿನಲ್ಲಿ ಕಾರಿನಲ್ಲಿ ಹೋಗುವವರು ಗಾಡಿ ಓಡಿಸುವುದಿಲ್ಲ. ಎರಡು ಗಾಡಿಯ ಡ್ರೈವರರ ತಪ್ಪು ಸೇರಿ ಅವರಿಗೆ ಪೆಟ್ಟಾದರೆ ಅವರು ಯಾವ ಗಾಡಿಯವರಿಂದಲಾದರೂ ಪೂರ್ತಿ ಕೇಳಬಹುದು. 2015ರ ತೀರ್ಪು ಹೀಗಿದೆ. ಕಬ್ಬು ಕಡಿಯುವವರು ಹೊರೆಯ ಮೇಲೆ ಕೂತು ಹೋಗುವ ಮಾತು ಮಾತ್ರ ಬೇರೆ. ಟ್ರೇಲರು ಜನ ಕೂಡುವ ಗಾಡಿ ಅಲ್ಲ ಅಂತ ವಿಮಾ ಕಂಪನಿ ಜಗಳ ತೆಗೆಯುತ್ತದೆ.

ತಪ್ಪು ತೋರಿಸುವುದು ಆಗುವುದೇ ಇಲ್ಲ ಅನ್ನಿಸಿದರೆ 164ನೇ ಕಲಮು ಇದೆ. ಅದರಲ್ಲಿ ಯಾರ ತಪ್ಪು ಅಂತ ಸಾಬೀತು ಮಾಡಬೇಕಿಲ್ಲ. ಸಾವಿಗೆ 5 ಲಕ್ಷ, ಭಾರಿ ಗಾಯಕ್ಕೆ 2.5 ಲಕ್ಷ. 2022ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಆದರೆ ಮೊತ್ತ ಅಷ್ಟೇ. ದುಡಿಯುವ ಹರೆಯದವನು ಸತ್ತಾಗ 166ನೇ ಕಲಮಿನಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಸಿಗುತ್ತದೆ. 164ರ ಹಣ ಒಪ್ಪಿಕೊಂಡರೆ ಇನ್ನೊಂದು ದಾರಿ ಮುಚ್ಚಬಹುದು. ವಕೀಲರನ್ನು ಕೇಳದೆ ಒಪ್ಪಬೇಡಿ. ಗುದ್ದಿ ಓಡಿಹೋದ ಗಾಡಿ ಯಾವುದು ಅಂತ ಗೊತ್ತೇ ಆಗದಿದ್ದರೆ ಸಾವಿಗೆ 2 ಲಕ್ಷ, ಭಾರಿ ಗಾಯಕ್ಕೆ 50 ಸಾವಿರ ಇದೆ. ಅದಕ್ಕೆ ತಹಶೀಲ ಕಚೇರಿಯಲ್ಲಿ ವಿಚಾರಿಸಿ.

ಎಲ್ಲಿ, ಯಾವಾಗ ಅರ್ಜಿ?

ಗಡಿಯವರಿಗೆ ಇದು ಮುಖ್ಯ. ಅಪಘಾತ ಇಂಡಿ ದಾರಿಯಲ್ಲೋ ಆಳಂದ ದಾರಿಯಲ್ಲೋ ಆಯಿತು ಅನ್ನಿ. ಎಫ್‌ಐಆರ್ ಕರ್ನಾಟಕದ ಠಾಣೆಯಲ್ಲಿ ಆಗುತ್ತದೆ. ಆದರೆ ಪರಿಹಾರದ ಅರ್ಜಿಗೆ ಅಲ್ಲಿಗೇ ಅಲೆಯಬೇಕಿಲ್ಲ. ಅಪಘಾತ ಆದ ಕಡೆ, ನೀವು ಇರುವ ಕಡೆ, ಎದುರು ಪಕ್ಷದವರು ಇರುವ ಕಡೆ, ಈ ಮೂರರಲ್ಲಿ ಯಾವ ಕಡೆಯಾದರೂ ಹಾಕಬಹುದು. ಆಯ್ಕೆ ನಿಮ್ಮದು. ಕರ್ನಾಟಕದ ಠಾಣೆಯ ಕಾಗದ ಕನ್ನಡದಲ್ಲಿ ಇರುತ್ತದೆ. ಅದನ್ನು ನೀವೇ ಓದಬಹುದು. ಆದರೆ ಸೊಲ್ಲಾಪುರದ ಕೋರ್ಟಿಗೆ ಅದರ ಮರಾಠಿ ಅಥವಾ ಇಂಗ್ಲಿಷ್ ಅನುವಾದ ಬೇಕಾಗುತ್ತದೆ.

ಅಪಘಾತ ಆದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಎಂದು ಕಾಯ್ದೆ ಹೇಳುತ್ತದೆ. ವರ್ಷಾಂತಿಕ ಮುಗಿಯಲಿ, ಆಮೇಲೆ ನೋಡೋಣ ಅಂತ ಕೂಡಬೇಡಿ. ಈಗಾಗಲೇ ತಡ ಆಗಿದ್ದರೆ ನೀವೇ ಕೈಬಿಡಬೇಡಿ, ಮೊದಲು ವಕೀಲರನ್ನು ಕೇಳಿ. ಪೊಲೀಸರೂ 48 ಗಂಟೆಯಲ್ಲಿ ಮೊದಲ ವರದಿಯನ್ನು, 90 ದಿನದಲ್ಲಿ ಪೂರ್ತಿ ವರದಿಯನ್ನು ಕ್ಲೇಮ್ ಕೋರ್ಟಿಗೆ ಕಳಿಸಬೇಕು. 2022ರಿಂದ ಈ ನಿಯಮ ಇದೆ. ವರದಿ ಹೋಯಿತೇ ಅಂತ ಠಾಣೆಯಲ್ಲಿ ಕೇಳಿ, ಪ್ರತಿ ತೆಗೆದುಕೊಳ್ಳಿ.

ವಕೀಲರ ಫೀಗೆ ಹಣ ಇಲ್ಲವೇ? ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಸರಕಾರದ ಕಡೆಯಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಇವರ ಆದಾಯ ಎಷ್ಟು ಅಂತ ಕೇಳುವುದಿಲ್ಲ. ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಮರಾಠಿಯಲ್ಲಿ ವಿಧಿ ಸೇವಾ ಪ್ರಾಧಿಕರಣ ಅಂತ ಬೋರ್ಡು ಇರುತ್ತದೆ. 15100 ನಂಬರಿಗೆ ಪುಕ್ಕಟೆ ಫೋನ್ ಮಾಡಬಹುದು. ಬಂದ ಪರಿಹಾರದಲ್ಲಿ ಇಷ್ಟು ಪಾಲು ನನಗೆ ಅಂತ ಒಪ್ಪಂದ ಮಾಡಿಕೊಳ್ಳುವುದು ವಕೀಲರ ನಿಯಮಕ್ಕೇ ವಿರುದ್ಧ.

ಕಟಕಟೆಯಲ್ಲಿ

ಆ ಬೀಡಿ ಕಟ್ಟುವ ಹೆಣ್ಣುಮಗಳು ಕೊನೆಗೆ ಸಾಕ್ಷಿ ಹೇಳಲು ನಿಲ್ಲುತ್ತಾಳೆ. ಕಂಪನಿಯ ವಕೀಲರು ಕೇಳುತ್ತಾರೆ:

"ಏನವ್ವಾ, ಅಪಘಾತ ಆಗೂದನ್ನ ನೀ ಕಣ್ಣಿಲೆ ನೋಡೀಯೇನು?"

"ಇಲ್ರಿ. ನಾ ಮನ್ಯಾಗ ಇದ್ದೆ."

"ಹಂಗಾದ್ರ ಟ್ರೇಲರಿಗೆ ದೀಪ ಇದ್ದಿಲ್ಲ ಅಂತ ಹೆಂಗ ಹೇಳ್ತಿ?"

"ಪಂಚನಾಮೆದಾಗ ಬರದದರಿ. ನಮ್ಮ ಮೈದುನ ತಗದ ಫೋಟೋದಾಗ ಕಾಣತದರಿ."

ಇಷ್ಟೇ ಸಾಕು. ನೋಡದ್ದನ್ನು ನೋಡಿದೆ ಅನ್ನಬಾರದು. ಪ್ರಶ್ನೆ ತಿಳಿಯದಿದ್ದರೆ "ಕನ್ನಡದಾಗ ಹೇಳಿಸ್ರಿ ಸಾಹೇಬ್ರ" ಅಂತ ನ್ಯಾಯಾಧೀಶರಿಗೆ ಹೇಳಬಹುದು. ಆಮೇಲೆ ಅವಳ ವಕೀಲರು ಪಂಚನಾಮೆ ಬರೆದ ಪೊಲೀಸರನ್ನೂ ಫೋಟೋ ತೆಗೆದ ಮೈದುನನನ್ನೂ ಸಾಕ್ಷಿಗೆ ಕರೆಯುತ್ತಾರೆ.

ಈಗ ಸರದಿ ಆ ಕಡೆಯದು. ಆ ರಾತ್ರಿ ಗಾಡಿ ಬಿಟ್ಟು ಹೋದದ್ದು ಯಾಕೆ, ದೀಪ ಯಾಕೆ ಇರಲಿಲ್ಲ, ಇದು ಚೆನ್ನಾಗಿ ಗೊತ್ತಿರುವವನು ಡ್ರೈವರು ಒಬ್ಬನೇ. ಅವನು ಕಟಕಟೆಗೆ ಬಂದು ಹೇಳಬೇಕು. ಎಷ್ಟೋ ಕೇಸುಗಳಲ್ಲಿ ಅವನು ಬರುವುದೇ ಇಲ್ಲ. ಬರದಿದ್ದರೆ, ಹೇಳಲು ಅವನ ಹತ್ತಿರ ಏನೂ ಇಲ್ಲ ಅಂತ ನ್ಯಾಯಾಧೀಶರು ತಿಳಿಯಬಹುದು. ಆಗ ತಕ್ಕಡಿಯ ಅವನ ತಟ್ಟೆ ಖಾಲಿ ಇರುತ್ತದೆ.